ಬೆನ್ನುಹುರಿಯ ಗಾಯಕ್ಕೆ ನೆತ್ತರಿನ ಸಾಕ್ಷಿ

ಮಲ್ಲಯ್ಯನ ಕ್ಷೇತ್ರವಾದ ಮಂಗಸೂಳಿಯ ಸೀಮೆಯನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಸುತ್ತಲೂ ಕಬ್ಬಿನ ಹೊಲಗಳು. ಸಮೀಪದಲ್ಲೇ ಉಗಾರದ ಸಕ್ಕರೆ ಕಾರಖಾನೆ. ಹೇರಿದ ಕಬ್ಬಿನ ಮೇಲಿಂದ ಒಬ್ಬ ಆಳು ಜಾರಿ ಬಿದ್ದನೆಂದು ಭಾವಿಸಿರಿ. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿಲ್ಲ. ಆದರೆ ಕಾಲು ಅಲುಗದು, ಚಿವುಟಿದರೆ ತಿಳಿಯದು. ಮನೆಯವರು ಗಡಿಯಾಚೆಯ ಮಿರಜಿಗೆ ಒಯ್ಯುತ್ತಾರೆ. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್‌ಲೆಸ್ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಈ ಭಾಗದವರಿಗೆ ಅದು ಪರಿಚಿತವಾದ ದಾರಿ. ಅಲ್ಲಿ ಅವರು ಕೇಳುವ ಪ್ರಶ್ನೆ ಒಂದೇ: “ಮತ್ತ ನಡೀತಾನೇನ್ರಿ, ಡಾಕ್ಟರ್ ಸಾಹೇಬ್ರ?”

ಈ ಪ್ರಶ್ನೆ ಬಹು ಹಳೆಯದು. ಎಡ್ವಿನ್ ಸ್ಮಿತ್ ಎಂಬಾತ 1862ರಲ್ಲಿ ಈಜಿಪ್ಟಿನಲ್ಲಿ ಕೊಂಡ ಒಂದು ಪಪೈರಸ್ ಸುರುಳಿ ಸುಮಾರು ಮೂರೂವರೆ ಸಾವಿರ ವರ್ಷಗಳಷ್ಟು ಹಿಂದಿನದು. ಕತ್ತಿನ ಎಲುಬು ಸರಿದು ಕೈಕಾಲುಗಳ ಅರಿವು ಹೋದ ರೋಗಿಯ ವರ್ಣನೆ ಅದರಲ್ಲಿದೆ. ಅವನ ವಿಷಯದಲ್ಲಿ ಆ ವೈದ್ಯ ಕೊಟ್ಟ ತೀರ್ಪು, ಇದು ಚಿಕಿತ್ಸೆಗೆ ಮೀರಿದ್ದು ಎಂಬುದೇ.

ಆ ತೀರ್ಪು ಬಹುಕಾಲ ಉಳಿಯಿತು. ಹುರಿಯ ಗಾಯಕ್ಕಿಂತ ಹಾಸಿಗೆ ಹುಣ್ಣು, ಮೂತ್ರದ ನಂಜು ಇವುಗಳಿಂದಲೇ ರೋಗಿಗಳು ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಡಾಕ್ಟರ್ ಲುಡ್ವಿಗ್ ಗಟ್‌ಮನ್ ಗಾಯಾಳು ಸೈನಿಕರನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ, ಆಟ ಆಡಿಸಿ, ದುಡಿಮೆಗೆ ಮರಳಿಸಿದರು. ನಮ್ಮ ದೇಶದಲ್ಲೂ ಇಂಥ ಉದಾಹರಣೆಯುಂಟು. 1954ರ ಕಾರು ಅಪಘಾತದಲ್ಲಿ ಕಾಲುಗಳ ಬಲ ಕಳೆದುಕೊಂಡ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲೇ ಕುಳಿತು ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಆರಂಭವಾದ ಪುನರ್ವಸತಿ ಕೇಂದ್ರವನ್ನು ಕಟ್ಟಿ ಬೆಳೆಸಿದರು.

ಬದುಕಿಸುವ ಬಗೆ ತಿಳಿದರೂ ಅಳೆಯುವ ಬಗೆ ಕಠಿಣವಾಗಿಯೇ ಉಳಿಯಿತು. ಸೂಜಿ ಮುಟ್ಟಿಸಿ “ತಿಳಿಯುತ್ತದೆಯೇ?” ಎಂದು ಕೇಳುವುದು, ಬೆರಳು ಅಲುಗಿಸಲು ಹೇಳುವುದು, ಇವೇ ವೈದ್ಯರ ಅಳತೆಗೋಲು. 1969ರಲ್ಲಿ ಫ್ರಾಂಕೆಲರ ವರ್ಗೀಕರಣವೂ, 1982ರಲ್ಲಿ ಅಮೆರಿಕದ ಸಂಘದ ಕ್ರಮವೂ ಇದನ್ನು ಐದು ದರ್ಜೆಗಳಾಗಿ ವಿಂಗಡಿಸಿದವು. ಆದರೆ ರೋಗಿಗೆ ಎಚ್ಚರವೇ ಇಲ್ಲದಿದ್ದರೆ? ಮೇಲಾಗಿ, ಪೆಟ್ಟು ಬಿದ್ದ ಹೊಸತರಲ್ಲಿ ಹುರಿಯು ಕೆಲಕಾಲ ಸ್ತಬ್ಧವಾಗಿರುತ್ತದೆ. ಆಗ ಅಲ್ಪ ಗಾಯವೂ ಪೂರ್ಣ ಗಾಯದಂತೆ ಕಾಣಬಹುದು.

ಇಲ್ಲಿಯೇ ನೆತ್ತರು ಸಾಕ್ಷಿಗೆ ಬರುತ್ತದೆ. ಒಡೆದ ಕಣಜದಿಂದ ಕಾಳು ಸೋರಿದಂತೆ, ಜಜ್ಜಿದ ಹುರಿಯ ಕೋಶಗಳಿಂದ ಅವುಗಳದೇ ಪ್ರೋಟೀನುಗಳು ಮೊದಲು ಹುರಿಯ ಸುತ್ತಲಿನ ದ್ರವಕ್ಕೆ, ಅಲ್ಲಿಂದ ರಕ್ತಕ್ಕೆ ಸೇರುತ್ತವೆ. ನರಗಳಿಗೆ ಆಸರೆಯಾದ ಕೋಶಗಳಲ್ಲಿರುವುದು ಜಿ. ಎಫ್. ಎ. ಪಿ.; ಇದು ಕೆಲವೇ ಗಂಟೆಗಳಲ್ಲಿ ಏರಿ, ಕೆಲವು ದಿನಗಳಲ್ಲಿ ಇಳಿಯುತ್ತದೆ. ನರತಂತುಗಳೊಳಗಿನದು ನ್ಯೂರೋಫಿಲಮೆಂಟ್, ಇದು ಮೆಲ್ಲಗೆ ಏರಿ ವಾರಗಟ್ಟಲೆ ನಿಲ್ಲುತ್ತದೆ. ಗಾಯ ದೊಡ್ಡದಾದಷ್ಟೂ ಸಾಮಾನ್ಯವಾಗಿ ಇವುಗಳ ಪ್ರಮಾಣವೂ ಹೆಚ್ಚು. ಆದರೂ ಅದನ್ನು ಅಳೆಯುವುದು ಪಿಕೋಗ್ರಾಮಿನಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ! ಅಷ್ಟು ಸೂಕ್ಷ್ಮವಾದ ಯಂತ್ರಗಳು ಬಂದದ್ದು ಈಚೆಗೆ.

ಆದರೆ ಈ ಸಾಕ್ಷಿಯನ್ನೂ ಪಾಟೀಸವಾಲಿಗೆ ಒಡ್ಡಬೇಕು. ತಲೆಗೆ ಪೆಟ್ಟಾದರೂ ಇವೇ ಪ್ರೋಟೀನುಗಳು ಏರುತ್ತವೆ. ವಯಸ್ಸಾದಂತೆ ನ್ಯೂರೋಫಿಲಮೆಂಟ್ ತಾನಾಗಿಯೂ ಹೆಚ್ಚುತ್ತದೆ. ತಲೆಯ ಪೆಟ್ಟಿಗಾಗಿ ಇಂಥದೊಂದು ರಕ್ತಪರೀಕ್ಷೆಗೆ 2018ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ಬೆನ್ನುಹುರಿಯ ವಿಷಯದಲ್ಲಿ ಮಾತ್ರ ಅದು ಇನ್ನೂ ಸಂಶೋಧಕರ ಕೈಯಲ್ಲಿದೆ. ನಿತ್ಯದ ಚಿಕಿತ್ಸೆಗೆ ಬಂದಿಲ್ಲ.

ಬಂದ ದಿನವೂ ಒಂದು ಮಾತನ್ನು ನಾವು ಮರೆಯಬಾರದು. ಅಳತೆ ಬೇರೆ, ತೀರ್ಪು ಬೇರೆ. ಈಜಿಪ್ಟಿನ ವೈದ್ಯನ ನೋಟ ಸರಿಯಾಗಿತ್ತು. ಕೈಬಿಟ್ಟದ್ದು ಮಾತ್ರ ಕೊನೆಯ ಮಾತಾಗಲಿಲ್ಲ. ನೆತ್ತರಿನ ಅಂಕಿ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ತಿಳಿಸಲಿ; ಯಾರನ್ನು ಕೈಬಿಡಬೇಕೆಂಬುದನ್ನಲ್ಲ. ಅಲ್ಲಿಯವರೆಗೆ ನೀವು ಮಾಡಬಹುದಾದ ಉಪಕಾರವೊಂದಿದೆ. ಬಿದ್ದವನನ್ನು ತೋಳು ಹಿಡಿದು ಎಬ್ಬಿಸಿ ಕೂಡಿಸಬೇಡಿರಿ. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೆ ಮಲಗಿಸಿ, ಅಲುಗದಂತೆ ಸಾಗಿಸಿರಿ. ಉಳಿದಿರುವ ನರಗಳು ಉಳಿಯುವುದು ಮೊದಲು ನಿಮ್ಮ ಕೈಯಲ್ಲಿದೆ.