ಸಿನಿಮಾದಲ್ಲಿ ಸತ್ತ ಸೈನಿಕ, ಊರಲ್ಲಿ ಬದುಕಿದ್ದ

ಈ ವಾರದ ಹಿಸ್ಟರಿ ಸರಣಿ: ತೆರೆ ಮೇಲಿನ ಯೋಧರು. ಒಟ್ಟು ಏಳು ಭಾಗ. ಸ್ವಲ್ಪ ಉದ್ದ ಇದೆ, ಆದ್ರೆ ಕೊನೆ ತನಕ ಓದಿ. ಕೊನೆಗೆ ನಮ್ಮ ಕೊಡಗಿಗೇ ಬಂದು ನಿಲ್ಲತ್ತೆ.

1/7
ಆಗಸ್ಟ್ 15 ಬಂತು ಅಂದ್ರೆ ಟೀವಿಯಲ್ಲಿ ಯಾವ ಸಿನಿಮಾ ಹಾಕ್ತಾರೆ ಅಂತ ನಿಮಗೂ ಗೊತ್ತು. ಜೆ.ಪಿ. ದತ್ತಾ ಅವರ 'ಬಾರ್ಡರ್'. ಬಂದಿದ್ದು 1997ರಲ್ಲಿ, ನಮ್ಮಲ್ಲಿ ಎಷ್ಟೋ ಜನ ಹುಟ್ಟೇ ಇರ್ಲಿಲ್ಲ. ಅದರಲ್ಲಿ ಸುನೀಲ್ ಶೆಟ್ಟಿ ಮಾಡಿದ ಪಾತ್ರ ನೆನಪಿದ್ಯಾ? ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್. ಕೊನೆಗೆ ಶತ್ರು ಟ್ಯಾಂಕಿಗೆ ಎದುರು ಓಡಿ ಪ್ರಾಣ ಕೊಡ್ತಾನೆ. ನಾನಂತೂ ಪ್ರತಿ ಸಲ ಆ ಸೀನಿಗೆ ಕಣ್ಣು ಒರೆಸ್ಕೊಂಡಿದ್ದೀನಿ.

ಆದ್ರೆ ನಿಜವಾದ ಭೈರೋನ್ ಸಿಂಗ್ ರಾಥೋಡ್ ಆ ಯುದ್ಧದಲ್ಲಿ ಸಾಯಲೇ ಇಲ್ಲ. 1972ರಲ್ಲಿ ಸೇನಾ ಪದಕ ಪಡೆದ್ರು, 1987ರಲ್ಲಿ ನಿವೃತ್ತರಾಗಿ ರಾಜಸ್ಥಾನದ ತಮ್ಮ ಹಳ್ಳಿಗೆ ಹೋದ್ರು. ತೀರಿಕೊಂಡಿದ್ದು 2022ರ ಡಿಸೆಂಬರ್ 19ಕ್ಕೆ, ಜೋಧ್‌ಪುರದ ಆಸ್ಪತ್ರೆಯಲ್ಲಿ. ಅಂದ್ರೆ ಸಿನಿಮಾ ಅವರನ್ನ ಸಾಯಿಸಿದ ಮೇಲೆ 25 ವರ್ಷ ಬದುಕಿದ್ರು. ತಮ್ಮನ್ನ ಹುತಾತ್ಮ ಅಂತ ತೋರಿಸಿದ್ದರ ಬಗ್ಗೆ ಅವರಿಗೆ ಬೇಸರವೂ ಇತ್ತು.

2/7
ಹಾಗಾದ್ರೆ ಲೋಂಗೆವಾಲಾದಲ್ಲಿ ಆಗಿದ್ದೇನು?

1971ರ ಡಿಸೆಂಬರ್ 4ರ ರಾತ್ರಿ. ಥಾರ್ ಮರುಭೂಮಿಯ ಒಂದು ಪುಟ್ಟ ಠಾಣೆ. ಅಲ್ಲಿ ಇದ್ದಿದ್ದು 23ನೇ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ. ಜೊತೆಗೆ ಗಡಿ ಭದ್ರತಾ ಪಡೆಯ ಕೆಲವರು. ನಾಯಕ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ. ಎದುರಿಗೆ ನಲವತ್ತಕ್ಕೂ ಹೆಚ್ಚು ಟ್ಯಾಂಕ್, ಸಾವಿರಾರು ಸೈನಿಕರು. ನಮ್ಮ ವಿಮಾನಗಳು ರಾತ್ರಿ ಹಾರಿ ಹೊಡೆಯೋ ಹಾಗಿರಲಿಲ್ಲ. ಹಾಗಾಗಿ ಬೆಳಗಾಗೋ ತನಕ ಹೇಗಾದ್ರೂ ಠಾಣೆ ಉಳಿಸ್ಕೊಬೇಕಿತ್ತು.

ಉಳಿಸ್ಕೊಂಡ್ರು. ಟ್ಯಾಂಕುಗಳು ತೀರಾ ಹತ್ತಿರ ಬರೋ ತನಕ ಕಾದು ಹೊಡೆದ್ರು. ಮುಳ್ಳುತಂತಿ ಕಂಡ ಪಾಕಿಸ್ತಾನಿ ಪಡೆ, ಮುಂದೆ ನೆಲಬಾಂಬ್ ಹೂತಿರಬಹುದು ಅಂತ ಅಂಜಿ ನಿಂತುಬಿಡ್ತು. ಬೆಳಕು ಹರಿದಿದ್ದೇ ತಡ, ಜೈಸಲ್ಮೇರಿಂದ ಹಂಟರ್ ವಿಮಾನಗಳು ಬಂದವು. ಬಯಲು ಮರಳಲ್ಲಿ ಟ್ಯಾಂಕಿಗೆ ಅಡಗೋಕೆ ಜಾಗ ಎಲ್ಲಿ?

ನಮ್ಮ ಕಡೆ ಸತ್ತವರು ಇಬ್ಬರು. ಇಬ್ಬರೇ. ಸಿನಿಮಾದಲ್ಲಿ ಎಷ್ಟು ಜನ ಸಾಯ್ತಾರೆ ಅಂತ ಒಂದ್ಸಲ ಎಣಿಸಿ ನೋಡಿ.

3/7
ಯಾಕೆ ಹೀಗೆ? ಬರೀ ಮಸಾಲೆಗೆ ಅಂತ ಹೇಳಿ ಮುಗಿಸಬಹುದು. ಆದ್ರೆ ಅದಕ್ಕೊಂದು ಇತಿಹಾಸ ಇದೆ ಅಂತ ನನಗನ್ಸತ್ತೆ. ಅದಕ್ಕೆ 1962ಕ್ಕೆ ಹೋಗಬೇಕು.

ಆ ವರ್ಷ ಚೀನಾ ಎದುರು ನಾವು ಸೋತ್ವಿ. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕಂಪನಿ ಕೊನೆ ತನಕ ಹೋರಾಡ್ತು. ಅಲ್ಲೂ ಇದ್ದವರು ಸುಮಾರು 120 ಜನ. ನೂರಕ್ಕೂ ಹೆಚ್ಚು ಜನ ಅಲ್ಲೇ ಪ್ರಾಣ ಬಿಟ್ರು.

ಎರಡು ವರ್ಷ ಆದ್ಮೇಲೆ, 1964ರಲ್ಲಿ, ಚೇತನ್ ಆನಂದ್ 'ಹಕೀಕತ್' ಮಾಡಿದ್ರು. ಲಡಾಖಲ್ಲೇ ಶೂಟಿಂಗ್, ಸೇನೆಯ ಸಹಕಾರ. ಸೋತ ದೇಶಕ್ಕೆ ಆ ಸಿನಿಮಾ ಹೇಳಿದ್ದು ಇಷ್ಟೇ: ಸೋತಿದ್ದು ಸೈನಿಕ ಅಲ್ಲ, ಅವನು ತನ್ನ ಪ್ರಾಣವನ್ನೇ ಕೊಟ್ಟ. ಆ ಹೊತ್ತಿಗೆ ಅದು ನಿಜವೂ ಹೌದು, ಬೇಕಾಗಿದ್ದ ಸಮಾಧಾನವೂ ಹೌದು.

ಆದ್ರೆ ಅಳತೆ ಮಾತ್ರ ಅಲ್ಲೇ ಉಳ್ಕೊಂಡ್ಬಿಡ್ತು. ದೊಡ್ಡ ಯೋಧ ಅಂದ್ರೆ ಸತ್ತ ಯೋಧ. ರೆಜಾಂಗ್ ಲಾದಲ್ಲಿ 120 ಜನ, ಲೋಂಗೆವಾಲಾದಲ್ಲೂ 120 ಜನ. ಒಂದು ಕಡೆ ಬಹುತೇಕ ಎಲ್ಲರೂ ಹೋದ್ರು, ಇನ್ನೊಂದು ಕಡೆ ಬಹುತೇಕ ಎಲ್ಲರೂ ಉಳಿದ್ರು. ಸಿನಿಮಾ ಎರಡನ್ನೂ ಒಂದೇ ಅಚ್ಚಲ್ಲಿ ಹಾಕ್ತು.

4/7
ದತ್ತಾ ಅವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವರ ಸ್ವಂತ ತಮ್ಮ ವಾಯುಪಡೆಯ ಪೈಲಟ್. ಮಿಗ್ ವಿಮಾನ ಅಪಘಾತದಲ್ಲಿ ತೀರಿಕೊಂಡ್ರು. ಆ ನೋವು ಇದ್ದವರು ಮಾಡಿದ ಸಿನಿಮಾ ಅದು. ಸಾವೇ ಕಥೆಯ ನಡುವೆ ಬಂದು ಕೂತಿದ್ರೆ ಆಶ್ಚರ್ಯ ಇಲ್ಲ.

ಟೀವಿಯಲ್ಲಿ ಮಾತ್ರ ಒಂದ್ಸಲ ಬೇರೆ ಥರದ ಸೈನಿಕ ಬಂದಿದ್ದ. 1989, ದೂರದರ್ಶನ, 'ಫೌಜಿ'. ಹೌದು, ಶಾರುಖ್ ಖಾನ್ ಇದ್ದ ಅದೇ ಧಾರಾವಾಹಿ. ನಿರ್ದೇಶಕರು ನಿವೃತ್ತ ಕರ್ನಲ್ ರಾಜ್ ಕಪೂರ್ (ನಟ ರಾಜ್ ಕಪೂರ್ ಅಲ್ಲ, ಇವರು ಬೇರೆ). ಅದರಲ್ಲಿ ಹುಡುಗರು ಟ್ರೈನಿಂಗ್ ಮಾಡ್ತಾರೆ, ಬೈಸ್ಕೊಳ್ತಾರೆ, ಕೀಟಲೆ ಮಾಡ್ತಾರೆ, ಪ್ರೀತಿಲಿ ಬೀಳ್ತಾರೆ. ನಮ್ಮ ಹಾಸ್ಟೆಲ್ ಹುಡುಗರ ಥರಾನೇ. ಸೇನೆಯಲ್ಲಿ ಇದ್ದು ಬಂದವರಿಗೆ ಸೈನಿಕ ಅಂದ್ರೆ ಮೊದಲು ಬದುಕಿರೋ ಮನುಷ್ಯ.

5/7
ಕನ್ನಡಕ್ಕೆ ಬನ್ನಿ. 1990ರ 'ಮುತ್ತಿನ ಹಾರ'. ಎಸ್.ವಿ. ರಾಜೇಂದ್ರ ಸಿಂಗ್ ಬಾಬು ನಿರ್ದೇಶನ, ವಿಷ್ಣುವರ್ಧನ್ ಮತ್ತು ಸುಹಾಸಿನಿ. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು.

ಅದರ ನಾಯಕ ಅಚ್ಚಪ್ಪ ಕೊಡಗಿನವನು. ಅವನಿಗೆ ಒಂದು ಊರಿದೆ, ಮನೆಯಿದೆ, ಹೆಂಡತಿ ಇದ್ದಾಳೆ. ಅದರಲ್ಲೂ ಸಾವು ಇದೆ, ಕಣ್ಣೀರು ಇದೆ, ಇಲ್ಲ ಅಂತಲ್ಲ. ಆದ್ರೆ ಯುದ್ಧ ಒಂದು ಸಂಸಾರಕ್ಕೆ ಏನು ಮಾಡತ್ತೆ ಅಂತ ಅಲ್ಲಿ ಕಾಣತ್ತೆ. ಕಾರಿಯಪ್ಪ, ತಿಮ್ಮಯ್ಯ ಅವರಂಥವರನ್ನ ಕೊಟ್ಟ ಜಿಲ್ಲೆಯ ಕಥೆ ಅಂದ್ಮೇಲೆ ಊರನ್ನ ಬಿಟ್ಟು ಸೈನಿಕನನ್ನ ತೋರಿಸೋಕಾಗಲ್ಲ ಅಂತ ಅವರಿಗೆ ಗೊತ್ತಿತ್ತು.

6/7
ಅದೇ ಕೊಡಗಿನ ಒಬ್ಬರ ನಿಜ ಕಥೆ ಹೇಳ್ತೀನಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳ ದಾಳಿ. ದೇವಯ್ಯ ಹೆಚ್ಚುವರಿ ಪೈಲಟ್ ಆಗಿದ್ರು, ಆದ್ರೂ ಹೋದ್ರು. ಅಡ್ಡ ಬಂದಿದ್ದು ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ತಮ್ಮ ಹಳೇ ನಿಧಾನ ವಿಮಾನದಲ್ಲೇ ಅದನ್ನ ಹೊಡೆದುರುಳಿಸಿದ್ರು. ಆದ್ರೆ ವಾಪಸ್ ಬರಲಿಲ್ಲ. ಇಲ್ಲಿ ಯಾರಿಗೂ ಆಗಿದ್ದು ಗೊತ್ತಾಗಲಿಲ್ಲ. ಕಡತದಲ್ಲಿ ನಾಪತ್ತೆ, ಅಷ್ಟೇ.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕ ಬಂತು. ಆ ಸ್ಟಾರ್‌ಫೈಟರ್ ಹೇಗೆ ಬಿತ್ತು ಅನ್ನೋದು ಪಾಕಿಸ್ತಾನದ ಕಡೆಯಿಂದಲೇ ಹೊರಗೆ ಬಂತು. ಅಂದು ದಾಳಿಯ ನೇತೃತ್ವ ವಹಿಸಿದ್ದ ಓ.ಪಿ. ತನೇಜಾ ಅವರು ಇದನ್ನ ಸರ್ಕಾರದ ಗಮನಕ್ಕೆ ತಂದ್ರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. 23 ವರ್ಷ ಆದ್ಮೇಲೆ.

7/7
2025ರ ಜನವರಿಯಲ್ಲಿ ಇದೇ ಘಟನೆಯಿಂದ ಸ್ಫೂರ್ತಿ ಪಡೆದ 'ಸ್ಕೈ ಫೋರ್ಸ್' ಬಂತು. ಸಿನಿಮಾದಲ್ಲಿ ಆ ಪೈಲಟ್ ಹೆಸರು ಟಿ.ಕೆ. ವಿಜಯ. ದೇವಯ್ಯ ಅಲ್ಲ. ಕೊಡಗಿನ ಗುರುತೇ ಅಳಿಸಿಹೋಗಿದೆ ಅಂತ ಕೊಡವರು ಬೇಸರ ಹೇಳಿಕೊಂಡ್ರು.

ಈಗ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಭೈರೋನ್ ಸಿಂಗ್ ಅವರ ಹೆಸರು ಇಟ್ಕೊಂಡ್ರು, ಬದುಕು ಕಿತ್ಕೊಂಡ್ರು. ದೇವಯ್ಯ ಅವರ ಸಾಹಸ ಇಟ್ಕೊಂಡ್ರು, ಹೆಸರು ಬಿಟ್ರು.

'ಇದು ಡಾಕ್ಯುಮೆಂಟರಿ ಅಲ್ಲ, ಸಿನಿಮಾ ಕಣೋ' ಅಂತ ನೀವು ಕೇಳಬಹುದು. ಸರಿ. ಆದ್ರೆ ನಮ್ಮಲ್ಲಿ ಎಷ್ಟು ಜನ ಲೋಂಗೆವಾಲಾ ಬಗ್ಗೆ ಪುಸ್ತಕ ಓದಿದ್ದೀವಿ? ನಮಗೆ ಸಿನಿಮಾನೇ ಪಠ್ಯ. ಸತ್ತವರಿಗೆ ಮಾತ್ರ ಸಲಾಂ ಹೊಡೆಯೋದು ಅಭ್ಯಾಸ ಆದ್ರೆ, ಬದುಕಿ ಬಂದವರು ಬ್ಯಾಂಕ್ ಕ್ಯೂನಲ್ಲಿ ನಮ್ಮ ಮುಂದೆಯೇ ನಿಂತಿದ್ರೂ ಕಾಣಲ್ಲ.

ಮಡಿಕೇರಿಗೆ ಹೋದಾಗ ದೇವಯ್ಯ ಅವರ ಹೆಸರಿನ ವೃತ್ತ ಸಿಗತ್ತೆ. ಸೆಲ್ಫಿಗೆ ಮುಂಚೆ ಒಂದು ನಿಮಿಷ ನಿಂತು ಹೆಸರು ಪೂರ್ತಿ ಓದಿ.

ಮತ್ತೆ ಒಂದು ಕೆಲಸ. ನಿಮ್ಮ ಮನೇಲೋ ಬೀದೀಲೋ ನಿವೃತ್ತ ಸೈನಿಕರು ಇದ್ರೆ, ಈ ಭಾನುವಾರ ಹೋಗಿ ಮಾತಾಡ್ಸಿ. 'ಎಷ್ಟು ಜನರನ್ನ ಹೊಡೆದ್ರಿ' ಅಂತ ಕೇಳ್ಬೇಡಿ. 'ಅಲ್ಲಿ ಊಟ ಹೇಗಿತ್ತು, ಚಳಿ ಹೇಗಿತ್ತು, ಮನೆಗೆ ಕಾಗದ ಯಾವಾಗ ಬರೀತಿದ್ರಿ' ಅಂತ ಕೇಳಿ. ಏನು ಹೇಳಿದ್ರು ಅಂತ ಕಾಮೆಂಟಲ್ಲಿ ಬರೀರಿ, ಅವರು ಒಪ್ಪಿದ್ರೆ ಮಾತ್ರ. ನಾನು ಒಂದೊಂದನ್ನೂ ಓದ್ತೀನಿ.

#ಇತಿಹಾಸ #ಕನ್ನಡ #ಕೊಡಗು #ಲೋಂಗೆವಾಲಾ