ಬಳ್ಳಾರಿಯ ದಾರಿಯ ಗಾಳಿ

ಪುಣೆಯ ಶಿವಾಜಿನಗರದಲ್ಲಿ ಜನರು ‘ಸಿಮ್ಲಾ ಆಫೀಸ್’ ಎಂದು ಕರೆಯುವ ಹಳೆಯ ಕಟ್ಟಡವೊಂದಿದೆ. ಅಲ್ಲಿನ ನಮ್ಮ ಕನ್ನಡಿಗರಲ್ಲಿ ಅನೇಕರು ಅದರ ಮುಂದೆ ನಿತ್ಯವೂ ಹಾದುಹೋಗುವರಾದರೂ ಹೆಸರಿನ ಮೂಲವನ್ನು ವಿಚಾರಿಸಿದವರು ವಿರಳ. ಭಾರತದ ಹವಾಮಾನ ಇಲಾಖೆಯ ಮುಖ್ಯ ಕಚೇರಿಯು 1928ರಲ್ಲಿ ಸಿಮ್ಲೆಯಿಂದ ಇಳಿದು ಇಲ್ಲಿಗೆ ಬಂದಿತು. 1944ರಲ್ಲಿ ಕಚೇರಿ ದೆಹಲಿಗೆ ತೆರಳಿತು. ಹೆಸರು ಇಲ್ಲಿಯೇ ಉಳಿಯಿತು. ನಮ್ಮ ವಿಮಾನಯಾನದ ಚರಿತ್ರೆಯನ್ನು ಜುಹುವಿನ ಮೈದಾನದಿಂದ ಆರಂಭಿಸುವುದು ವಾಡಿಕೆಯಾಗಿದೆ. ಈ ಕಟ್ಟಡದಿಂದಲೂ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ‘ಪುಸ್ ಮಾತ್’ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ದಾರಿಯಲ್ಲಿ ದಿಕ್ಕು ತೋರಿಸುವ ಸಾಧನವೂ ಇರಲಿಲ್ಲ. ಅಂದಿನ ವೈಮಾನಿಕನಿಗೆ ಹೊರಡುವ ಮೊದಲು ತಂತಿಯಲ್ಲಿ ಬಂದುದೇ ಕೊನೆಯ ವರ್ತಮಾನ. ಮೇಲೇರಿದ ಬಳಿಕ ಅವನ ಕಣ್ಣೇ ಅವನ ಹವಾಮಾನ ಕಚೇರಿ.

ಆ ತಂತಿಯಲ್ಲಿ ಅವನಿಗೆ ಬಹುಮುಖ್ಯವಾದುದು ಮೇಲಣ ಗಾಳಿಯ ಸುದ್ದಿ. ಮುಂಬಯಿಗೂ ಬಳ್ಳಾರಿಗೂ ನೇರ ದೂರ ಸುಮಾರು 380 ಮೈಲಿ. ಗಂಟೆಗೆ 100 ಮೈಲಿ ಹಾರುವ ವಿಮಾನಕ್ಕೆ 25 ಮೈಲಿ ವೇಗದ ಇದಿರುಗಾಳಿ ಬಂದರೆ ನಾಲ್ಕು ಗಂಟೆಗೂ ಕಡಮೆಯ ದಾರಿ ಐದು ಗಂಟೆಯಾಗುತ್ತದೆ. ಪೆಟ್ರೋಲು ಮಾತ್ರ ಇದ್ದಷ್ಟೇ. ಈ ಗಾಳಿಯನ್ನು ಅಳೆಯುತ್ತಿದ್ದ ಕ್ರಮವು ಬಹು ಸರಳವಾದುದು. ಗೊತ್ತಾದ ಪ್ರಮಾಣದಲ್ಲಿ ಹೈಡ್ರೊಜನ್ ತುಂಬಿದ ಬೆಲೂನು ಗೊತ್ತಾದ ವೇಗದಲ್ಲಿ ಮೇಲೇರುತ್ತದೆ. ವೀಕ್ಷಕನು ಥಿಯೊಡೊಲೈಟಿನಲ್ಲಿ ನಿಮಿಷ ನಿಮಿಷಕ್ಕೂ ಅದರ ಕೋನಗಳನ್ನು ಗುರುತಿಸಿಕೊಂಡು, ಯಾವ ಎತ್ತರದಲ್ಲಿ ಗಾಳಿ ಎತ್ತ ಎಷ್ಟು ಬೀಸುತ್ತಿದೆಯೆಂದು ಲೆಕ್ಕ ಹಾಕುತ್ತಾನೆ. ರಾತ್ರಿಯಾದರೆ ಬೆಲೂನಿನ ಕೆಳಗೆ ಒಂದು ಕಾಗದದ ಲಾಂದ್ರ! ನಿಮಿಷಕ್ಕೆ 500 ಅಡಿ ಏರುವ ಬೆಲೂನು ನಾಲ್ಕನೆಯ ನಿಮಿಷದಲ್ಲಿ ಮೋಡದೊಳಗೆ ಮರೆಯಾದರೆ ಮೋಡದ ತಳ 2000 ಅಡಿಯಲ್ಲಿದೆಯೆಂದು ತಿಳಿಯಿತು. ಆದರೆ ಅದಕ್ಕಿಂತ ಮೇಲಿನ ಗಾಳಿ ತಿಳಿಯಲಿಲ್ಲ. ಎಂದರೆ ಮುಂಗಾರಿನಲ್ಲಿ, ವರ್ತಮಾನದ ಅಗತ್ಯ ಹೆಚ್ಚಿದ್ದ ದಿನಗಳಲ್ಲಿಯೇ, ಬೆಲೂನು ಬೇಗ ಕಣ್ಮರೆಯಾಗುತ್ತಿತ್ತು.

ಮಳೆಗಾಲದಲ್ಲಿ ಜುಹುವಿನ ನೆಲ ನೀರಾಗುತ್ತಿದ್ದುದರಿಂದ ಅಂಚೆಯ ವಿಮಾನಗಳು ಪುಣೆಯ ಯರವಡಾಕ್ಕೆ ಹೋಗಬೇಕಾಯಿತು. ಸಹ್ಯಾದ್ರಿಯ ಮೇಲಣ ಬಿರುಮಳೆಯಲ್ಲಿಯೂ ಮೊದಲ ವರ್ಷವಿಡೀ ಅಂಚೆ ವೇಳೆಗೆ ತಪ್ಪಲಿಲ್ಲವೆಂದು 1933-34ರ ಸರ್ಕಾರಿ ವರದಿ ಮೆಚ್ಚಿಕೊಂಡಿತು. ಮೆಚ್ಚಿಗೆ ನ್ಯಾಯವಾದುದೇ. ಬೆಲೂನನ್ನು ಹಿಂಬಾಲಿಸಿ ಕಣ್ಣು ಸೋತವರ ಹೆಸರುಗಳನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಇಂದು ಮುಂಬಯಿ ನಿಲ್ದಾಣದ ಹವೆ ಅರ್ಧ ಗಂಟೆಗೊಮ್ಮೆ ‘ಮೆಟಾರ್’ ಎಂಬ ಸಂಕೇತಲಿಪಿಯಲ್ಲಿ ಹೊರಡುತ್ತದೆ; ಮುಂದಿನ ಗಂಟೆಗಳ ಮುನ್ಸೂಚನೆಗೆ ‘ಟಾಫ್’, ದಾರಿಯ ಅಪಾಯಗಳಿಗೆ ‘ಸಿಗ್ಮೆಟ್’. ವಾಯುಭಾರದ ಅಂಕಿಯನ್ನು ಚಾಲಕನು ಕೇಳಿ, ಮರಳಿ ಉಚ್ಚರಿಸಿ, ಎತ್ತರಮಾಪಕಕ್ಕೆ ಹೊಂದಿಸುತ್ತಾನೆ. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಎತ್ತರ ಸುಮಾರು 30 ಅಡಿ ತಪ್ಪುತ್ತದೆ.

ಇಷ್ಟಿದ್ದೂ ವರ್ತಮಾನ ಬೇರೆ, ನಿರ್ಧಾರ ಬೇರೆ. 2020ರ ಆಗಸ್ಟ್ 7ರ ಮಳೆಯ ರಾತ್ರಿ ಕೋಳಿಕ್ಕೋಡಿನಲ್ಲಿ ನಿಯಂತ್ರಣ ಗೋಪುರವು ಗಾಳಿಯ ದಿಕ್ಕನ್ನೂ ವೇಗವನ್ನೂ ತಿಳಿಸಿತ್ತು. ಮೊದಲ ಯತ್ನವನ್ನು ಕೈಬಿಟ್ಟು, ಎರಡನೆಯ ಸಲ ಹಿಂಗಾಳಿಯಲ್ಲಿ ಇಳಿದ ವಿಮಾನವು ಓಡುದಾರಿಯ ತುದಿಯನ್ನು ದಾಟಿ ಕೆಳಗುರುಳಿತು. 21 ಮಂದಿ ಮಡಿದರು, ಚಾಲಕರಿಬ್ಬರೂ ಅವರಲ್ಲಿದ್ದರು.

ಉಪಗ್ರಹ, ರಾಡಾರುಗಳು ಬಂದ ಮೇಲೆಯೂ ಹವಾಮಾನ ಇಲಾಖೆಯವರು ಬೆಲೂನು ಬಿಡುವುದನ್ನು ನಿಲ್ಲಿಸಿಲ್ಲ.