ಅರಿಜೋನಾ ಸ್ಟ್ರಿಪ್: ಒರತೆ, ಬಂಡೆ, ದಾರಿ

ಅರಿಜೋನಾ ಸ್ಟ್ರಿಪ್ ಎಂದರೆ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕೊಲರಾಡೋ ನದಿಯ ಉತ್ತರಕ್ಕೆ, ಯೂಟಾ ಗಡಿಯವರೆಗೆ ಹಬ್ಬಿದ ಬರಡು ಪ್ರಸ್ಥಭೂಮಿ. ಗ್ರ್ಯಾಂಡ್ ಕ್ಯಾನ್ಯನ್ ಕಂದರ ಇದನ್ನು ರಾಜ್ಯದ ಉಳಿದ ಭಾಗದಿಂದ ಬೇರ್ಪಡಿಸಿದೆ. ಇಲ್ಲಿನ ಹಳೆಯ ದಾರಿಗಳು ನೀರಿದ್ದ ಕಡೆಗೆ ತಿರುಗಿದವು. ಆದ್ದರಿಂದ ಈ ಸೀಮೆಯ ಚರಿತ್ರೆಯನ್ನು ಒರತೆಯಿಂದಲೇ ಹೇಳಬೇಕು.

ಉತ್ತರದ ಎತ್ತರದಲ್ಲಿ ಬಿದ್ದ ಮಳೆ, ಹಿಮ ನವಾಹೋ ಮರಳುಗಲ್ಲಿನೊಳಗೆ ಇಂಗುತ್ತದೆ. ಅದರಡಿಯ ಕಯೆಂಟಾ ಶಿಲಾಸ್ತರ ನೀರನ್ನು ಇನ್ನೂ ಕೆಳಕ್ಕೆ ಬಿಡದು. ತಡೆದ ನೀರು ಸೆವಿಯರ್ ಸ್ತರಭಂಗದ ಗುಂಟ ದಕ್ಷಿಣಕ್ಕೆ ಸಾಗಿ, ಕೆಂಬಣ್ಣದ ವರ್ಮಿಲಿಯನ್ ಕ್ಲಿಫ್ಸ್ ಬುಡದ ಪೈಪ್ ಸ್ಪ್ರಿಂಗ್ ಎಂಬ ಒರತೆಯಲ್ಲಿ ಹೊರಬರುತ್ತದೆ. ಪಶ್ಚಿಮದ ಹರಿಕೇನ್ ಕಡಿಬಂಡೆಗಳೂ ಸ್ತರಭಂಗದ ಫಲವೇ.

ಈ ಸೀಮೆಯ ಮೂಲನಿವಾಸಿಗಳಾದ ಕೈಬಾಬ್ ಪಾಯೂಟರು ಇಂಥ ಒರತೆಗಳ ಆಸರೆಯಲ್ಲಿ ಬೆಳೆ ಬೆಳೆದು, ಹುಲ್ಲಿನ ಬೀಜ ಆಯ್ದು ಬಾಳಿದವರು. 1776ರಲ್ಲಿ ಡೊಮಿಂಗೆಸ್, ಎಸ್ಕಲಾಂತೆ ಎಂಬ ಸ್ಪೇನಿನ ಪಾದ್ರಿಗಳು ಹಸಿದು ಬಾಯಾರಿ ಇಲ್ಲಿ ಹಾದುಹೋದಾಗ ಆಹಾರ ಕೊಟ್ಟು ದಾರಿ ಹೇಳಿದವರೂ ಪಾಯೂಟರೇ.

1863ರಲ್ಲಿ ಜೇಮ್ಸ್ ವಿಟ್‌ಮೋರ್ ಎಂಬ ವಲಸಿಗ ಪೈಪ್ ಸ್ಪ್ರಿಂಗ್‌ನಲ್ಲಿ ದನಕರು ತಂದು ಬಿಟ್ಟ. 1866ರಲ್ಲಿ ವಲಸಿಗರಿಗೂ ಮೂಲನಿವಾಸಿಗಳಿಗೂ ನಡೆದ ಸಂಘರ್ಷದಲ್ಲಿ ಕೊಲೆಯಾದ. 1870ರಲ್ಲಿ ಮಾರ್ಮನ್ ಧಾರ್ಮಿಕ ಪಂಥದ ಮುಖಂಡ ಬ್ರಿಗಮ್ ಯಂಗ್ ಅಲ್ಲಿ ಕೋಟೆಮನೆ ಕಟ್ಟಿಸಲು ನಿರ್ಧರಿಸಿದ. ಮುಖ್ಯ ಒರತೆಯ ಮೇಲೆಯೇ ಕಲ್ಲಿನ ಗೋಡೆ ಎದ್ದಿತು. ವಿನ್ಸರ್ ಕ್ಯಾಸಲ್ ಎಂದು ಹೆಸರಾದ ಈ ಮನೆಗೆ 1871ರಲ್ಲಿ ತಂತಿ ಬಂತು. ಅರಿಜೋನಾದ ಮೊದಲ ಟೆಲಿಗ್ರಾಫ್ ಕಚೇರಿ ಇದು. ಇಲ್ಲಿಯ ಬೆಣ್ಣೆ, ಚೀಸ್, ಮಾಂಸ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಮಾರ್ಮನ್ ದೇವಾಲಯ ಕಟ್ಟುವವರ ಹೊಟ್ಟೆ ತುಂಬಿಸಿತು. ಆದರೆ ದನಗಳು ಹುಲ್ಲುಗಾವಲನ್ನು ಬೋಳು ಮಾಡಿದವು. ಕೋಟೆಯನ್ನು ವಲಸಿಗರ ಸಾಹಸವೆಂದಷ್ಟೇ ಬಣ್ಣಿಸುವುದು ಅನ್ಯಾಯ: ಪಾಯೂಟರಿಗೆ ಅದು ನೀರನ್ನೂ ಅನ್ನವನ್ನೂ ಒಟ್ಟಿಗೆ ಕಸಿದ ಗೋಡೆ. ಅವರಿಗೆ ಮೀಸಲು ಪ್ರದೇಶ ದಕ್ಕಿದ್ದು 1907ರಲ್ಲಿ.

1877ರಲ್ಲಿ ದೇವಾಲಯ ಸಿದ್ಧವಾದ ಮೇಲೆ ಲಿಟಲ್ ಕೊಲರಾಡೋ ನದಿತೀರದ ಮಾರ್ಮನ್ ಜೋಡಿಗಳು ವಿವಾಹವಿಧಿಗಾಗಿ ಬಂಡಿ ಕಟ್ಟಿಕೊಂಡು ಹೊರಟರು. ಲೀಸ್ ಫೆರಿ ಎಂಬ ದೋಣಿಗಟ್ಟದಲ್ಲಿ ಕೊಲರಾಡೋ ನದಿ ದಾಟಿ, ಒರತೆಯಿಂದ ಒರತೆಗೆ ಸಾಗುತ್ತಿದ್ದ ಈ ಜಾಡು ಹನಿಮೂನ್ ಟ್ರೇಲ್ ಎನಿಸಿತು. ದೇವಾಲಯಕ್ಕೆ ಮರ ಸಾಗಿಸಿದ ದಾರಿ ಬೇರೆ. ಅದು ದಕ್ಷಿಣದ ಮೌಂಟ್ ಟ್ರಂಬಲ್‌ನಿಂದ ಬಂದದ್ದು.

ಮೋಟಾರು ಪ್ರವಾಸಿಗರು ಝಯಾನ್ ರಾಷ್ಟ್ರೀಯ ಉದ್ಯಾನದಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗತೊಡಗಿದ ಕಾಲದಲ್ಲಿ, 1923ರಲ್ಲಿ, ಪೈಪ್ ಸ್ಪ್ರಿಂಗ್ ರಾಷ್ಟ್ರೀಯ ಸ್ಮಾರಕವಾಯಿತು. 1933ರ ಒಪ್ಪಂದ ಒರತೆಯ ನೀರನ್ನು ಸ್ಮಾರಕ, ಪಾಯೂಟರು, ದನಗಾರರ ನಡುವೆ ಮೂರು ಪಾಲು ಮಾಡಿತು. ಅದಕ್ಕೂ ಮೊದಲೇ, 1929ರಲ್ಲಿ ನವಾಹೋ ಸೇತುವೆ ತೆರೆದು ಲೀಸ್ ಫೆರಿ ದೋಣಿಗಟ್ಟದ ಕಾಲ ಮುಗಿದಿತ್ತು. ಸ್ಟ್ರಿಪ್‌ನ ಪಶ್ಚಿಮದಂಚಿನಲ್ಲಿ 2000ದಲ್ಲಿ ಘೋಷಣೆಯಾದ ಪರಶಾಂಟ್ ಸ್ಮಾರಕಕ್ಕೆ ಮಾತ್ರ ಇಂದಿಗೂ ಡಾಂಬರು ರಸ್ತೆಯಿಲ್ಲ. ಹೋಗುವವರು ಕುಡಿಯುವ ನೀರನ್ನು ಜೊತೆಗೇ ಒಯ್ಯಬೇಕು.